ಮೂರನೇ ಕೂಸು, ಕೊನೆಯ ಬೆಂಚು

ಕಥೋಲಿಕ ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶದ ದಪ್ಪ ಪುಸ್ತಕದಲ್ಲಿ 2181ನೇ ಸಂಖ್ಯೆಯ ಪುಟ್ಟ ಪರಿಚ್ಛೇದವೊಂದಿದೆ. ಭಾನುವಾರದ ಬಲಿಪೂಜೆಯನ್ನು ಬೇಕೆಂದೇ ತಪ್ಪಿಸುವುದು ಘೋರ ಪಾಪ ಎಂದು ಅದು ಖಡಾಖಂಡಿತವಾಗಿ ಹೇಳುತ್ತದೆ. ಹಾಗೆ ಹೇಳುವಾಗಲೇ ಉದಾಹರಣೆಗೆಂದು ಇಬ್ಬರಿಗೆ ರಿಯಾಯಿತಿಯನ್ನೂ ಕೊಡುತ್ತದೆ: ಕಾಯಿಲೆ ಬಿದ್ದವರಿಗೆ, ಎಳೆಗೂಸು ನೋಡಿಕೊಳ್ಳುವವರಿಗೆ.

ದಾವಣಗೆರೆ, ಹರಿಹರದ ಚರ್ಚುಗಳಲ್ಲಿ ಕಂಕುಳಲ್ಲಿ ಕೂಸು ಇಟ್ಟುಕೊಂಡು ಹಿಂಬಾಗಿಲ ಹತ್ತಿರ ನಿಲ್ಲುವ ತಾಯಂದಿರಲ್ಲಿ ನಾನು ಮಾತಾಡಿಸಿದವರಿಗೆ ಈ ರಿಯಾಯಿತಿ ಗೊತ್ತಿರಲಿಲ್ಲ. ಮಗುವಿಗೆ ವಾಂತಿಭೇದಿ ಎಂದು ಮನೆಯಲ್ಲಿ ಉಳಿದು, ಆಮೇಲೆ ಫಾದರ್ ಹತ್ತಿರ ಪಾಪನಿವೇದನೆ ಮಾಡಿಕೊಂಡ ಹೆಣ್ಣುಮಕ್ಕಳೂ ಇದ್ದಾರೆ. ಪಾಪವಲ್ಲದ್ದನ್ನು ಪಾಪ ಎಂದುಕೊಂಡು ಹೊತ್ತು ತಿರುಗುವುದು ನಮ್ಮ ತಾಯಂದಿರಿಗೆ ರೂಢಿಯಾಗಿಬಿಟ್ಟಿದೆ.

ಇಷ್ಟು ಹೇಳಿದ ಕೂಡಲೇ "ಹಂಗಾದ್ರೆ ಮಗ ದೊಡ್ಡೋನಾಗೋ ತನಕ ಮನೇಲೇ ಇರಿ, ಬರೋದ್ಯಾಕೆ" ಎನ್ನುವವರು ಸಿಗುತ್ತಾರೆ. ನನಗೂ ಸಿಕ್ಕಿದ್ದಾರೆ. ಆ ಪರಿಚ್ಛೇದ ತಾಯಿಯ ಮೇಲಿನ ಹೊರೆ ಇಳಿಸಲು ಬರೆದದ್ದು, ಅವಳನ್ನು ಹೊರಗಿಡಲು ಬರೆದದ್ದಲ್ಲ. ಎಳೆಗೂಸಿನ ತಾಯಿಗೆ ಎಲ್ಲರಿಗಿಂತ ಹೆಚ್ಚು ಚರ್ಚಿಗೆ ಬರುವ ಆಸೆ ಇರುತ್ತದೆ. ಆರು ದಿನ ಎರಡು ಕೋಣೆ, ಒಂದು ಅಡುಗೆಮನೆ, ಒಣಗದ ಲಂಗೋಟಿಗಳ ಸಾಲು. ಏಳನೇ ದಿನ ದೊಡ್ಡವರ ಧ್ವನಿ ಕೇಳಬೇಕು, ನಾಲ್ಕು ಜನರ ಜೊತೆ ನಿಂತು ಹಾಡಬೇಕು ಅನಿಸುವುದು ಭಕ್ತಿಯೂ ಹೌದು, ಬದುಕುವ ಹಂಬಲವೂ ಹೌದು.

ನಮ್ಮ ಮನೆಯಲ್ಲಿ ಮೂವರು. ದೊಡ್ಡವನು ಮೂರನೇ ಕ್ಲಾಸು, ನಡುವಿನವಳು ಯುಕೆಜಿ, ಚಿಕ್ಕದಿನ್ನೂ ಹಾಲು ಕುಡಿಯುವ ಕೂಸು. ಬೆಳಗಿನ ಪೂಜೆಗೆ ಹೊರಡುವ ಸಂಭ್ರಮ ಅನುಭವಿಸಿದವರಿಗೇ ಗೊತ್ತು. ಒಬ್ಬನಿಗೆ ಶೂ ಕಚ್ಚುತ್ತದೆ, ಒಬ್ಬಳಿಗೆ ಜಡೆ ಬಿಗಿಯಾಗುತ್ತದೆ, ಆಟೋ ಬಂದು ನಿಂತಾಗಲೇ ಚಿಕ್ಕದು ಬಟ್ಟೆ ಹೇಲು ಮಾಡಿಕೊಳ್ಳುತ್ತದೆ. ಚರ್ಚು ತಲುಪುವಾಗ ಮೊದಲ ವಾಚನ ಮುಗಿದಿರುತ್ತದೆ. ಖಾಲಿ ಇರುವುದು ಕೊನೆಯ ಬೆಂಚು. ಅಲ್ಲಿಂದ ಮಕ್ಕಳಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಬೆನ್ನು ನೋಡುತ್ತ ಒಂದು ಗಂಟೆ ಸುಮ್ಮನೆ ಕೂತಿರು ಎಂದರೆ ಯಾವ ಮಗು ಕೂರುತ್ತದೆ? ಪ್ರಬೋಧನೆ ಶುರುವಾಗುವ ಹೊತ್ತಿಗೆ ಒಂದು ಕೀರಲು ಕೂಗು ಏಳುತ್ತದೆ, ನಾಲ್ಕೈದು ತಲೆ ಹಿಂದಕ್ಕೆ ತಿರುಗುತ್ತವೆ. ಪಕ್ಕದ ಹಿರಿಯಮ್ಮ ಮೆಲ್ಲಗೆ, "ಸ್ವಲ್ಪ ಹೊರಗ್ ಕರ್ಕೊಂಡ್ ಹೋಗಮ್ಮ" ಎನ್ನುತ್ತಾರೆ. ಆಕೆಗೇನೂ ಕೆಟ್ಟ ಮನಸ್ಸಿಲ್ಲ. ಆದರೆ ಹೀಗೆ ಹೊರಗೆ ಹೋದ ತಾಯಿ ವರ್ಷಗಟ್ಟಲೆ ಮರದ ಕೆಳಗೆ ನಿಂತು ಸ್ಪೀಕರಿನಲ್ಲೇ ಪೂಜೆ ಕೇಳುತ್ತಾಳೆ. ಮೂರು ಮಕ್ಕಳಿದ್ದರಂತೂ ಒಬ್ಬರಾದ ಮೇಲೊಬ್ಬರ ಸರದಿ, ಏಳೆಂಟು ವರ್ಷ ಹಾಗೇ ಸರಿದುಹೋಗುತ್ತದೆ.

2014ರ ಜನವರಿ 12ರಂದು ಪೋಪ್ ಫ್ರಾನ್ಸಿಸ್ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ 32 ಕೂಸುಗಳಿಗೆ ದೀಕ್ಷಾಸ್ನಾನ ಕೊಟ್ಟರು. ಮಕ್ಕಳ ಅಳುವೇ ಇಲ್ಲಿನ ಅತಿ ಸೊಗಸಾದ ಗಾಯನ, ಹಸಿದು ಅತ್ತರೆ ತಾಯಂದಿರು ಸಂಕೋಚಪಡದೆ ಇಲ್ಲೇ ಹಾಲೂಡಿಸಿ ಎಂಬ ಅರ್ಥದ ಮಾತನ್ನು ಅವತ್ತು ಅವರು ಹೇಳಿದರು. ಮೈಕೆಲೆಂಜೆಲೊ ಚಿತ್ರ ಬರೆದ ಚಾವಣಿಯ ಕೆಳಗೆ, ಹೊಸ ಪೋಪರನ್ನು ಆರಿಸುವ ಅದೇ ಕೋಣೆಯಲ್ಲಿ ಹಾಲೂಡಿಸಬಹುದಾದರೆ, ನಮ್ಮ ಊರಿನ ಚರ್ಚಿನ ಬೆಂಚಿನಲ್ಲಿ ಸೆರಗು ಮುಚ್ಚಿಕೊಂಡು ಹಾಲೂಡಿಸಲು ಯಾರ ಅಪ್ಪಣೆ ಬೇಕು?

ಹಾಗೆಂದು ನಮ್ಮ ಜನಕ್ಕೆ ಮಕ್ಕಳ ಗಲಾಟೆ ಆಗುವುದೇ ಇಲ್ಲ ಎನ್ನುವಂತಿಲ್ಲ. ಸೆಪ್ಟೆಂಬರ್ 8ಕ್ಕೆ ಹರಿಹರಕ್ಕೆ ಹೋಗಿ ನೋಡಬೇಕು. ಮರಿಯಮ್ಮನವರ ಜನನದ ಹಬ್ಬ, ಆರೋಗ್ಯ ಮಾತೆಯ ಬಸಿಲಿಕದಲ್ಲಿ ದೊಡ್ಡ ಜಾತ್ರೆ. ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಈ ಚರ್ಚಿಗೆ ಬಸಿಲಿಕದ ಪದವಿ ಸಿಕ್ಕಿತು. ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಚರ್ಚು, ಕಾರ್ಕಳದ ಅತ್ತೂರು ಚರ್ಚುಗಳ ಸಾಲಿಗೆ ನಮ್ಮ ಹೊಳೆಸಾಲಿನ ಊರೂ ಸೇರಿತು. ಆರೋಗ್ಯ ಮಾತೆ ಎಂದರೆ ತೋಳಲ್ಲಿ ಕೂಸು ಎತ್ತಿಕೊಂಡ ತಾಯಿ; ವೇಲಾಂಕಣಿಯಲ್ಲಿರುವವರೂ ಅವರೇ, ಅಲ್ಲಿಯ ಹಬ್ಬವೂ ಅದೇ ದಿನ. ಹಬ್ಬದ ದಿನ ಹರಿಹರದಲ್ಲಿ ಕೂಸು ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ. ಬೇರೆ ಧರ್ಮದ ಹೆಣ್ಣುಮಕ್ಕಳೂ ಹರಕೆ ಹೊತ್ತು ಮಕ್ಕಳನ್ನು ಕರೆತಂದಿರುತ್ತಾರೆ. ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನಿಸುವವರು, ಕಂಬಕ್ಕೆ ಒರಗಿ ಹಾಲೂಡಿಸುವವರು, ಗೊತ್ತಿಲ್ಲದವರ ಮಗುವನ್ನು "ಕೊಡವ್ವ ಇಲ್ಲಿ, ನೀ ಹೋಗಿ ಮೇಣದಬತ್ತಿ ಹಚ್ಚಿ ಬಾ" ಎಂದು ಎತ್ತಿಕೊಳ್ಳುವವರು. ಜಾತ್ರೆಗೆ ಬಂದ ಜನಕ್ಕೆ ಸಹಜವಾಗಿ ಬರುವ ಈ ಗುಣ ಭಾನುವಾರದ ಅದೇ ಜನಕ್ಕೆ ಯಾಕೆ ಬರುವುದಿಲ್ಲವೋ. ಇಸ್ತ್ರಿ ಬಟ್ಟೆ ಹಾಕಿ ಬೆಂಚಿನಲ್ಲಿ ಸಾಲಾಗಿ ಕೂತ ಮೇಲೆ ನಾವು ಬೇರೆಯೇ ಜನ ಆಗುತ್ತೇವೆ ಎಂದು ನನ್ನ ಅನುಮಾನ.

ಇನ್ನು ಮೂರನೇ ಮಗುವಿನ ವಿಷಯ. ಆರತಿಗೊಬ್ಬಳು ಕೀರ್ತಿಗೊಬ್ಬ ಎಂದು ಕೇಳಿಕೊಂಡೇ ಬೆಳೆದ ತಲೆಮಾರು ನಮ್ಮದು. ಆಟೋ, ಬಸ್ಸು, ಮಾರ್ಕೆಟ್ಟು, ಎಲ್ಲಿ ಮೂವರನ್ನೂ ಕರೆದುಕೊಂಡು ಹೋದರೂ ಒಂದು ಪ್ರಶ್ನೆ ಕಟ್ಟಿಟ್ಟದ್ದು: "ಏನ್ರೀ, ಮೂರೂ ನಿಮ್ವೇನಾ?" ಕ್ರೈಸ್ತರು ಎಂದು ಗೊತ್ತಾದರೆ "ಓ, ನಿಮ್ಮಲ್ಲಿ ಆಪರೇಷನ್ ಮಾಡ್ಸಂಗಿಲ್ಲ ಅಲ್ವಾ" ಎಂಬ ಸಮಾಧಾನದ ಮಾತು. ಕ್ರೈಸ್ತರ ಮನೆ ತುಂಬ ಮಕ್ಕಳು ಎಂಬ ನಂಬಿಕೆಗೂ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಾಸರಿ ಒಬ್ಬ ಹೆಣ್ಣಿಗೆ 2.0 ಮಗು. ದೇಶದ ಕ್ರೈಸ್ತರದು 1.88, ಕರ್ನಾಟಕದ ಒಟ್ಟು ಸರಾಸರಿ 1.7. ಅಂದರೆ ಮೂವರ ತಾಯಿ ಚರ್ಚಿನ ಒಳಗೂ ಅಪರೂಪದವಳೇ. ಸರ್ಕಾರದ ಕಣ್ಣಿಗೂ ಮೂರನೆಯದು ಅರ್ಧ ಕೂಸು: 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಕೊಟ್ಟಿತು, ಮೂರನೆಯದಕ್ಕೆ 12 ವಾರ. ಮೂರನೆಯದು ಹನ್ನೆರಡು ವಾರಕ್ಕೇ ಕೂತು, ನಿಂತು, ಅನ್ನ ಕಲಸಿಕೊಂಡು ತಿನ್ನುತ್ತದೆ ಎಂದು ಆ ಕಾಯ್ದೆ ಬರೆದವರು ತಿಳಿದಿರಬೇಕು.

ಧರ್ಮಸಭೆ ಏನು ಹೇಳುತ್ತದೆ ಎಂಬುದನ್ನೂ ಅರ್ಧ ಕೇಳಿಸಿಕೊಂಡವರೇ ಹೆಚ್ಚು. 1968ರ ಜುಲೈನಲ್ಲಿ ಆರನೇ ಪೌಲ್ ಹೊರಡಿಸಿದ 'ಹ್ಯೂಮನೆ ವೀಟೆ' ಪತ್ರ ಮಾತ್ರೆ, ಶಸ್ತ್ರಚಿಕಿತ್ಸೆಯಂಥ ಕೃತಕ ವಿಧಾನಗಳನ್ನು ಬೇಡ ಎಂದಿತು. ಅದು ಎಲ್ಲರಿಗೂ ಗೊತ್ತು. ಅದೇ ಪತ್ರ, ಮೈಯ ಆರೋಗ್ಯ, ಹಣಕಾಸು, ಮನಸ್ಸಿನ ಸ್ಥಿತಿ, ಸಮಾಜ ಎಲ್ಲ ನೋಡಿಕೊಂಡು ಸದ್ಯಕ್ಕೆ ಮಗು ಬೇಡ ಎಂದು ಗಂಡ ಹೆಂಡತಿ ತೀರ್ಮಾನಿಸುವುದನ್ನು ಹೊಣೆಯರಿತ ಪಾಲಕತನ ಎಂದು ಒಪ್ಪುತ್ತದೆ. ದಾರಿ ಮಾತ್ರ ಸಹಜವಾಗಿರಲಿ, ಹೆಣ್ಣಿನ ಮೈಯ ಋತುಚಕ್ರ ಗಮನಿಸಿ ನಡೆಯಲಿ ಎನ್ನುತ್ತದೆ. ಆಸ್ಟ್ರೇಲಿಯದ ಬಿಲ್ಲಿಂಗ್ಸ್ ವೈದ್ಯ ದಂಪತಿ ರೂಪಿಸಿದ ವಿಧಾನವನ್ನು ಮದುವೆಗೆ ಮುಂಚಿನ ತರಬೇತಿಗಳಲ್ಲಿ ಹೇಳಿಕೊಡುವುದು ಇದಕ್ಕೇ. ಈ ವಿಧಾನ ನಡೆಯಬೇಕಾದರೆ ಗಂಡಸಿಗೂ ಋತುಚಕ್ರ ಗುರುತು ಹಾಕಿದ ಹಾಳೆ ಓದಲು ಬರಬೇಕು, ತಡೆದುಕೊಳ್ಳಲೂ ಬರಬೇಕು. ತರಬೇತಿಯ ದಿನ ತಲೆಯಾಡಿಸಿದ ಗಂಡಂದಿರಲ್ಲಿ ಎಷ್ಟು ಮಂದಿ ಆಮೇಲೆ ಆ ಹಾಳೆ ತೆಗೆದು ನೋಡಿದ್ದಾರೋ, ಅವರ ಹೆಂಡತಿಯರನ್ನೇ ಕೇಳಬೇಕು.

2015ರ ಜನವರಿಯಲ್ಲಿ ಮನಿಲಾದಿಂದ ಹಿಂತಿರುಗುವ ವಿಮಾನದಲ್ಲಿ ಪೋಪ್ ಫ್ರಾನ್ಸಿಸ್, ಒಳ್ಳೆಯ ಕಥೋಲಿಕರಾಗಲು ಮೊಲಗಳ ಹಾಗೆ ಹೆರಬೇಕಿಲ್ಲ ಎಂದು ಪತ್ರಕರ್ತರಿಗೆ ಹೇಳಿದ್ದು ಜಗತ್ತೆಲ್ಲ ಸುದ್ದಿಯಾಯಿತು. ಏಳು ಸಲ ಸಿಸೇರಿಯನ್ ಆಗಿ ಎಂಟನೆಯದಕ್ಕೆ ಬಸುರಿಯಾದ ಹೆಣ್ಣುಮಗಳೊಬ್ಬಳನ್ನು ತಾವೇ ಗದರಿಸಿದ್ದನ್ನೂ ಅವರು ಅಲ್ಲಿ ಹೇಳಿಕೊಂಡರು. ಮಾತು ಹಲವು ಮಕ್ಕಳ ತಾಯಂದಿರಿಗೆ ನಾಟಿತು. ಎರಡೇ ದಿನದಲ್ಲಿ ಅವರು ರೋಮಿನಲ್ಲಿ, ದೊಡ್ಡ ಕುಟುಂಬಗಳು ದೇವರ ಕೊಡುಗೆ ಎಂದು ಹೊಗಳಿದರು. ನನಗೆ ಎರಡೂ ಸರಿಯೆನಿಸಿತು. ಹೆರುವವಳ ಮೈ ಅದು, ಲೆಕ್ಕಕ್ಕೆ ಬರಬೇಕಾದದ್ದು ಮೊದಲು ಅದೇ.

ಇದರ ಪಕ್ಕದಲ್ಲಿ ಕೇರಳದ ಪಾಲಾ ಧರ್ಮಕ್ಷೇತ್ರದ 2021ರ ಘೋಷಣೆಯನ್ನು ಇಟ್ಟು ನೋಡಿ. 2000ದ ನಂತರ ಮದುವೆಯಾಗಿ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಕ್ಕೆ ತಿಂಗಳಿಗೆ 1,500 ರೂಪಾಯಿ ನೆರವು ಎಂದರು. ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ನಡೆಯಿತು, ಜನಸಂಖ್ಯೆಯ ರಾಜಕೀಯ ಎಂದು ಬೈದವರೂ ಉಂಟು. ನನ್ನ ತಕರಾರು ಬೇರೆ. ಐದು ಮಕ್ಕಳ ಮನೆಯಲ್ಲಿ ಆ ದುಡ್ಡು ಹಾಲಿನವನ ಲೆಕ್ಕಕ್ಕೂ ಸಾಲದು. ದುಡ್ಡಿಗಿಂತ ಮುಂಚೆ ಆ ತಾಯಿಗೆ ಬೇಕಾಗುವುದು, ಸ್ನಾನ ಮಾಡಿ ಬರುವಷ್ಟು ಹೊತ್ತು ಕೂಸು ಹಿಡಿದುಕೊಳ್ಳುವ ಕೈ.

ಸಂತರ ಪಟ್ಟಿಯಲ್ಲೇ ಇದಕ್ಕೆ ಸಾಕ್ಷಿಯಿದೆ. ಫ್ರಾನ್ಸಿನ ಅಲಾನ್ಸೋನ್ ಊರಿನ ಝೆಲಿ ಮಾರ್ಟಿನ್ ಒಂಬತ್ತು ಹೆತ್ತವಳು, ನಾಲ್ಕನ್ನು ಮಣ್ಣಿಗೆ ಕೊಟ್ಟವಳು. ಉಳಿದ ಐದು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು, ಕೊನೆಯವಳೇ ಬಾಲಯೇಸುವಿನ ಸಂತ ತೆರೇಸಾ. ಝೆಲಿ ಲೇಸ್ ನೇಯಿಸಿ ಮಾರುವ ಸ್ವಂತ ವ್ಯಾಪಾರ ನಡೆಸುತ್ತಿದ್ದಳು. ಅದು ಚೆನ್ನಾಗಿ ನಡೆಯುತ್ತಿದ್ದುದರಿಂದ ಗಂಡ ಲೂಯಿ ತನ್ನ ಗಡಿಯಾರದ ಅಂಗಡಿ ಬಿಟ್ಟು ಹೆಂಡತಿಯ ಕೆಲಸಕ್ಕೆ ಕೈಜೋಡಿಸಿದ. 1873ರಲ್ಲಿ ತೆರೇಸಾ ಹುಟ್ಟಿದಾಗ ಝೆಲಿಗೆ ಹಾಲೂಡಿಸಲಾಗಲಿಲ್ಲ, ಕೂಸು ಸಾಯುವ ಸ್ಥಿತಿಗೆ ಬಂತು. ಹತ್ತಿರದ ಹಳ್ಳಿಯ ರೋಸ್ ಎಂಬ ರೈತ ಹೆಂಗಸು ತನ್ನ ಮನೆಯಲ್ಲಿ ಇಟ್ಟುಕೊಂಡು ಒಂದು ವರ್ಷ ಹಾಲು ಕೊಟ್ಟು ಬದುಕಿಸಿದಳು. ನಾಲ್ಕು ವರ್ಷದ ನಂತರ ಝೆಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವಳಿಗೆ 45. ಗಂಡ ಹೆಂಡತಿ ಇಬ್ಬರನ್ನೂ 2015ರ ಅಕ್ಟೋಬರಿನಲ್ಲಿ ಒಟ್ಟಿಗೆ ಸಂತರೆಂದು ಸಾರಿದರು. ಆದರ್ಶ ತಾಯಿ ಎಂದು ಪ್ರಬೋಧನೆಗಳಲ್ಲಿ ಝೆಲಿಯ ಹೆಸರು ಬರುತ್ತದೆ. ರೋಸಳ ಹೆಸರನ್ನೂ ಒಂದು ಸಲ ಹೇಳಬಹುದಲ್ಲ. ಅವಳಿಲ್ಲದಿದ್ದರೆ ತೆರೇಸಾ ಎಲ್ಲಿರುತ್ತಿದ್ದಳು?

ದಾವಣಗೆರೆಯಲ್ಲಿ ನಮ್ಮಂಥವರಿಗೆ ರೋಸಳಂಥವರು ಸುಲಭಕ್ಕೆ ಸಿಗುವುದಿಲ್ಲ, ಅದಕ್ಕೊಂದು ಕಾರಣವಿದೆ. ಇಲ್ಲಿಯ ಹತ್ತಿ ಗಿರಣಿಗಳು, 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್, ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್, ಆಮೇಲೆ ಆಸ್ಪತ್ರೆ, ಕಾಲೇಜು, ಕಾನ್ವೆಂಟ್ ಶಾಲೆಗಳು ಎಲ್ಲೆಲ್ಲಿಂದಲೋ ಜನರನ್ನು ಕರೆತಂದವು. ಚರ್ಚಿಗೆ ಬರುವವರಲ್ಲಿ ಕೊಂಕಣಿ ಮನೆಮಾತಿನವರು, ತಮಿಳರು, ಮಲಯಾಳಿಗಳು, ಹುಟ್ಟು ಕನ್ನಡಿಗರು ಎಲ್ಲ ಇದ್ದಾರೆ. ತವರು ಮನೆ ಮಂಗಳೂರು ಕಡೆಯೋ, ಭದ್ರಾವತಿಯೋ, ಇನ್ನೆಲ್ಲೋ. ಮೊದಲ ಬಾಣಂತನಕ್ಕೆ ತವರಿಗೆ ಹೋಗಿ ಮೂರು ತಿಂಗಳು ಎಣ್ಣೆನೀರು, ಸಾಂಬ್ರಾಣಿ ಹೊಗೆ. ಎರಡನೆಯದಕ್ಕೆ ಅಮ್ಮನೇ ಇಲ್ಲಿಗೆ ಬಂದು ಒಂದೂವರೆ ತಿಂಗಳು. ಮೂರನೆಯದಕ್ಕೆ ಅಮ್ಮನಿಗೂ ಮೊಣಕಾಲು ನೋವು, ದೊಡ್ಡ ಮಕ್ಕಳ ಸ್ಕೂಲು ಬಿಡಿಸುವಂತಿಲ್ಲ. ಹಾಗಾಗಿ ಮೂರನೇ ಬಾಣಂತಿ ಹದಿನೈದು ದಿನಕ್ಕೇ ಒಲೆ ಮುಂದೆ ನಿಂತಿರುತ್ತಾಳೆ.

ಅಂಥ ಹೊತ್ತಿನಲ್ಲಿ ನೆರವಿಗೆ ಬರುವವರು ಓಣಿಯವರು. ನಮ್ಮ ಪಕ್ಕದ ಮನೆಯ ಅಜ್ಜಿ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು ಬಂದು ಚಿಕ್ಕದನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದು ಕೊಟ್ಟಿದ್ದಾರೆ. "ಯಾವ ದೇವ್ರಾದ್ರೇನವ್ವ, ಕೂಸಿಗೆ ನೆತ್ತಿ ಎಣ್ಣೆ ಬೇಕಲ್ಲ" ಎನ್ನುವ ಜೀವ. ಇನ್ನೊಂದು ತಮಾಷೆ ಹೇಳಬೇಕು. ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ನಮ್ಮ ಮಕ್ಕಳು ಹಣೆಗೆ ಬೂದಿ ಇಡಿಸಿಕೊಂಡು ಸ್ಕೂಲಿಗೆ ಹೋಗುತ್ತಾರೆ. ಬೇರೆ ಊರುಗಳಲ್ಲಿ ಏನಿದು ಎಂದು ಕೇಳುವವರು ಇರಬಹುದು. ದಾವಣಗೆರೆಯಲ್ಲಿ ಒಬ್ಬರೂ ಕೇಳುವುದಿಲ್ಲ, ಅಕ್ಕಪಕ್ಕ ಕೂತ ಅರ್ಧ ಮಕ್ಕಳ ಹಣೆಯಲ್ಲಿ ದಿನವೂ ಇರುತ್ತದೆ. ಅಂದಹಾಗೆ ಆ ದಿನದ ಉಪವಾಸ ಮಕ್ಕಳಿಗಿಲ್ಲ. ಧರ್ಮಸಭೆಯ ಕಾನೂನಿನಲ್ಲಿ ಮಾಂಸ ಬಿಡುವುದು 14 ತುಂಬಿದ ಮೇಲೆ, ಉಪವಾಸ 18 ತುಂಬಿದ ಮೇಲೆ. ಬಸುರಿ, ಬಾಣಂತಿಯರು ಹೊಟ್ಟೆ ಕಟ್ಟಬೇಕೆಂದು ಯಾರೂ ಕೇಳುವುದಿಲ್ಲ, ಅವರೇ ಕಟ್ಟಿಕೊಳ್ಳುತ್ತಾರೆ.

ಮನೆಯ ಪ್ರಾರ್ಥನೆಯದು ಇನ್ನೊಂದು ಕಥೆ. ಸಂಜೆ ಜಪಸರ ಹೇಳುವಾಗ ದೊಡ್ಡವನು ಮುಂದಾಳು, ನಡುವಿನವಳು ಮಣಿ ಎಣಿಸುವ ಜಗಳಗಂಟಿ, ಚಿಕ್ಕದು ಶಿಲುಬೆಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಐದು ರಹಸ್ಯಗಳಲ್ಲಿ ಎರಡು ಮುಗಿದರೆ ಅದು ಒಳ್ಳೆಯ ಸಂಜೆ. ಪೂರ್ತಿ ಮುಗಿಸಲೇಬೇಕೆಂದು ಹಟ ಹಿಡಿದು, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ, ನಡುವೆ ಎರಡೇಟು ಕೊಟ್ಟು, 'ನಮೋ ಮರಿಯೆ' ಹೇಳಿಸುವ ಮನೆಗಳನ್ನು ನೋಡಿದ್ದೇನೆ. ಹಾಗೆ ಬೆಳೆದವರಲ್ಲಿ ಕೆಲವರು ಇವತ್ತು ಜಪಸರ ಕಂಡರೆ ದೂರ ಹೋಗುತ್ತಾರೆ.

ಮಕ್ಕಳ ಕೈಗೆ ಕೆಲಸ ಕೊಟ್ಟರೆ ಭಕ್ತಿ ತಾನೇ ಹತ್ತುತ್ತದೆ. ಡಿಸೆಂಬರಿನಲ್ಲಿ ಗೋದಲಿ ಕಟ್ಟುವಾಗ ನೋಡಬೇಕು. ಹತ್ತು ಹನ್ನೆರಡು ದಿನ ಮುಂಚೆ ತಟ್ಟೆಯಲ್ಲಿ ಮಣ್ಣು ಹರವಿ ರಾಗಿ ಚೆಲ್ಲಬೇಕು, ಹಬ್ಬಕ್ಕೆ ಸರಿಯಾಗಿ ಹಸಿರು ಗದ್ದೆ ಎದ್ದಿರಬೇಕು. ಆ ತಟ್ಟೆಗೆ ನೀರು ಹಾಕುವ ಸರದಿಗಾಗಿ ನಮ್ಮಲ್ಲಿ ರಕ್ತಪಾತವೊಂದು ಬಾಕಿ. ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬಲ್ಲಿ ಮೊದಲ ಗೋದಲಿ ಮಾಡಿದ್ದು 1223ರ ಕ್ರಿಸ್ಮಸ್ಸಿಗೆ. ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರದಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸುತ್ತಿದ್ದುದೂ ಸರಿಸುಮಾರು ಅದೇ ವರ್ಷ. ಎರಡನ್ನೂ ದೊಡ್ಡವನಿಗೆ ಒಟ್ಟಿಗೆ ಹೇಳಿಕೊಟ್ಟಿದ್ದೇನೆ. ಇತಿಹಾಸದ ಇಸವಿಗಳಲ್ಲಿ ಅವನಿಗೆ ನೆನಪಿರುವುದು ಅದೊಂದೇ.

ಮಕ್ಕಳನ್ನು ಪೀಠದ ಹತ್ತಿರ ಬಿಡಿ ಎಂದು ಧರ್ಮಸಭೆ ಹೇಳುತ್ತ ಬಂದು ನೂರು ವರ್ಷ ದಾಟಿದೆ. 1910ರಲ್ಲಿ ಹತ್ತನೇ ಭಕ್ತಿನಾಥ, ಅಂದರೆ ಪೋಪ್ ಹತ್ತನೇ ಪಯಸ್, ಪ್ರಥಮ ಪರಮಪ್ರಸಾದಕ್ಕೆ ಹತ್ತು ಹನ್ನೆರಡು ವರ್ಷ ಕಾಯಿಸುವ ಪದ್ಧತಿ ತೆಗೆದು, ಸುಮಾರು ಏಳರ ವಯಸ್ಸು ಸಾಕು ಎಂದರು. ಅದಕ್ಕಿಂತ ನನಗೆ ಹೆಚ್ಚು ಉಪಯೋಗದ್ದು 1973ರಲ್ಲಿ ರೋಮಿನಿಂದ ಬಂದ, ಮಕ್ಕಳ ಬಲಿಪೂಜೆ ಕುರಿತ ಮಾರ್ಗಸೂಚಿ. ಪೂಜೆಯಲ್ಲಿ ಭಾಗವಹಿಸಲಾಗದ ಎಳೆಮಕ್ಕಳನ್ನು ಧರ್ಮಕೇಂದ್ರದ ಸಹಾಯಕರು ಬೇರೊಂದು ಜಾಗದಲ್ಲಿ ನೋಡಿಕೊಳ್ಳಬಹುದು, ಕೊನೆಗೆ ಒಳಗೆ ಕರೆತಂದು ಎಲ್ಲರೊಂದಿಗೆ ಆಶೀರ್ವಾದ ಕೊಡಿಸಬಹುದು ಎಂದು ಅದರಲ್ಲಿದೆ. ಯಾರೋ ಅಜ್ಜಿ ನಿಂತು ಹೇಳಿ ಬರೆಸಿದಷ್ಟು ವ್ಯಾವಹಾರಿಕ ಮಾತು. ಅರ್ಧ ಶತಮಾನ ಕಳೆದರೂ ಆ ಸಹಾಯಕರನ್ನು ನಾನು ಇಲ್ಲಿ ಕಂಡಿಲ್ಲ.

ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ನಮ್ಮ ಎರಡೂ ಊರಿನ ಧರ್ಮಕೇಂದ್ರಗಳಲ್ಲಿ ಪಾಲನಾ ಸಮಿತಿಗಳಿವೆ, ಯುವಕರ ಸಂಘಗಳಿವೆ, ಮಹಿಳಾ ಸಂಘಟನೆಗಳಿವೆ. ಧರ್ಮೋಪದೇಶದ ಕೋಣೆಗಳು ಪೂಜೆಯ ಹೊತ್ತಿನಲ್ಲಿ ಖಾಲಿ ಬಿದ್ದಿರುತ್ತವೆ. ಒಂದು ಕೋಣೆ, ಒಂದು ಚಾಪೆ, ಒಳಗಿನ ಪೂಜೆ ಕೇಳಿಸುವ ಒಂದು ಸ್ಪೀಕರು, ವಾರಕ್ಕೆ ಇಬ್ಬರಂತೆ ಸರದಿಯ ಮೇಲೆ ಬರುವ ಜನ. ಆ ಇಬ್ಬರಲ್ಲಿ ಒಬ್ಬರು ಗಂಡಸಾಗಿರಲಿ. ಮುಂದಿನ ಎರಡು ಬೆಂಚುಗಳನ್ನು ಪುಟ್ಟ ಮಕ್ಕಳಿರುವ ಮನೆಯವರಿಗೆ ಬಿಡಲಿ, ಕಣ್ಣಿಗೆ ಏನಾದರೂ ಕಂಡರೆ ಮಕ್ಕಳು ಸುಮ್ಮನಿರುತ್ತವೆ. ಹರಿಹರದ ಹಬ್ಬಕ್ಕೆ ಹಾಲೂಡಿಸಲು, ಬಟ್ಟೆ ಬದಲಿಸಲು ಒಂದು ಶಾಮಿಯಾನದ ಮೂಲೆ ಸಾಕು. 2181ನೇ ಪರಿಚ್ಛೇದವನ್ನು ಯಾವುದಾದರೂ ಭಾನುವಾರ ಪ್ರಕಟಣೆಗಳ ಜೊತೆ ಓದಿಬಿಡಲಿ, ಅರ್ಧ ನಿಮಿಷದ ಕೆಲಸ. ಮುಂದಿನ ಪಾಲನಾ ಸಮಿತಿ ಸಭೆಗೆ ಹೋಗುವವರು ದಯವಿಟ್ಟು ಈ ಮಾತು ಎತ್ತಿ. ಸಭೆ ಇರುವುದು ಸಂಜೆ ಏಳಕ್ಕೆ, ಆ ಹೊತ್ತಿಗೆ ನಮಗೆ ಬರಲಾಗುವುದಿಲ್ಲ.